ಸ್ಯಾಕ್ಸೊಫೋನ್ ಕಂಡುಹಿಡಿದವನು ದಿವಾಳಿ, ಬಾಳಿದವರು ಬೇರೆಯವರು

ಸ್ಯಾಕ್ಸೊಫೋನ್ ಕಂಪನಿಗಳ ಕಥೆ ಓದ್ತಾ ಕೂತರೆ ಒಂದು ತಮಾಷೆ ಕಾಣುತ್ತದೆ. ಇವರಲ್ಲಿ ಹೆಚ್ಚಿನವರು ಸ್ಯಾಕ್ಸೊಫೋನ್ ಮಾಡ್ತೀವಿ ಅಂತ ಬಾಗಿಲು ತೆರೆದವರೇ ಅಲ್ಲ.

ಅಡಾಲ್ಫ್ ಸ್ಯಾಕ್ಸ್‌ನನ್ನೇ ನೋಡಿ. 1814ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ. ಅಪ್ಪನೂ ವಾದ್ಯ ಮಾಡುವವನು. ಮಗ ಮೊದಲು ಕೈ ಹಾಕಿದ್ದು ಕ್ಲಾರಿನೆಟ್‌ಗೆ. ಆಮೇಲೆ ಪ್ಯಾರಿಸ್ ಸೇರಿ, 1846ರಲ್ಲಿ ಸ್ಯಾಕ್ಸೊಫೋನ್‌ಗೆ ಪೇಟೆಂಟ್ ತಗೊಂಡ. ಹಿತ್ತಾಳೆ ಮೈ, ಕೆಳಗೆ ಹೋದಂತೆ ಅಗಲವಾಗುವ ಕೊಳವೆ, ಬಾಯಿಗೆ ಮಾತ್ರ ಕ್ಲಾರಿನೆಟ್‌ನ ಹಾಗೆ ಒಂದೇ ರೀಡ್, ಅಂದರೆ ಊದಿದಾಗ ಕಂಪಿಸುವ ತೆಳು ಪಟ್ಟಿ. ಆ ರೀಡ್ ಇರುವುದರಿಂದಲೇ ಇಷ್ಟು ಹಿತ್ತಾಳೆ ಇದ್ದರೂ ಇದು ಕೊಳಲು, ಕ್ಲಾರಿನೆಟ್‌ಗಳ ಸಾಲಿಗೆ ಸೇರುತ್ತದೆ. ಫ್ರೆಂಚ್ ಸೈನ್ಯದ ಬ್ಯಾಂಡಿಗೆ ಇವನ ವಾದ್ಯಗಳು ಹೋದವು ನೋಡಿ, ಉಳಿದ ತಯಾರಕರಿಗೆ ಹೊಟ್ಟೆ ಉರಿಯಿತು, ಕೋರ್ಟಿಗೆ ಎಳೆದರು, ವರ್ಷಗಟ್ಟಲೆ ಅಲೆಸಿದರು. 1852, 1873, 1877. ಮೂರು ಸಲ ದಿವಾಳಿ! 1866ರಲ್ಲಿ ಪೇಟೆಂಟ್ ಮುಗಿದದ್ದೇ ತಡ, ಕ್ಲಾರಿನೆಟ್‌ಗೆ ಹೆಸರಾದ ಬುಫೆ ಕ್ರಾಂಪೋನ್ ಅದೇ ವರ್ಷ ತನ್ನ ಸ್ಯಾಕ್ಸೊಫೋನ್ ತಂದಿತು.

ಅಮೆರಿಕದ ಕಾನ್ ಕಥೆ ನನಗೆ ಇನ್ನೂ ಇಷ್ಟ. ಇಂಡಿಯಾನಾದ ಎಲ್ಕಾರ್ಟ್‌ನಲ್ಲಿ ಚಾರ್ಲ್ಸ್ ಕಾನ್ ಅಂತ ಒಬ್ಬ ಕಾರ್ನೆಟ್ ಅನ್ನುವ ತುತ್ತೂರಿಯಂಥ ವಾದ್ಯ ನುಡಿಸುತ್ತಿದ್ದ. ಜಗಳದಲ್ಲಿ ತುಟಿ ಒಡೆಯಿತಂತೆ. ನುಡಿಸಿದರೆ ನೋವು. ಅದಕ್ಕೆ ಬಾಯಿಗಿಟ್ಟು ಊದುವ ಮೌತ್‌ಪೀಸ್‌ನ ಅಂಚಿಗೆ ರಬ್ಬರ್ ಹಚ್ಚಿದ, ಅದೇ ವ್ಯಾಪಾರವಾಯಿತು, ವ್ಯಾಪಾರ ಕಾರ್ಖಾನೆಯಾಯಿತು. ಅಲ್ಲೇ ಕೆಲಸ ಮಾಡಿ ಹೊರಬಿದ್ದ ಬ್ಯೂಷರ್ ಅದೇ ಊರಲ್ಲಿ ತನ್ನದೊಂದು ಕಂಪನಿ ಕಟ್ಟಿದ. 1920ರ ದಶಕದಲ್ಲಿ ಅಮೆರಿಕಕ್ಕೆ ಸ್ಯಾಕ್ಸೊಫೋನ್ ಹುಚ್ಚು ಹಿಡಿದಾಗ ಇಬ್ಬರೂ ರಾಶಿ ರಾಶಿ ಮಾರಿದರು.

ಜಪಾನಿನ ಯಮಹಾ ಶುರುವಾದದ್ದು 1887ರಲ್ಲಿ, ಶಾಲೆಯೊಂದರ ಕೆಟ್ಟುಹೋದ ಆರ್ಗನ್ ರಿಪೇರಿಯಿಂದ. ಸ್ಯಾಕ್ಸೊಫೋನ್ ಬಂದದ್ದು 1967ರಲ್ಲಿ. ಯಾನಗಿಸಾವಾದವರೂ ರಿಪೇರಿಯಿಂದಲೇ ಬಂದವರು.

ಆದರೆ ಜಾಸ್ತಿ ಜನ ಕಣ್ಣರಳಿಸುವುದು ಫ್ರಾನ್ಸಿನ ಸೆಲ್ಮರ್ ಅಂದಾಗ. ಆನ್ರಿ ಸೆಲ್ಮರ್ ಕ್ಲಾರಿನೆಟ್ ವಾದಕ. 1885ರಿಂದ ರೀಡ್, ಮೌತ್‌ಪೀಸ್ ಮಾಡಿಕೊಂಡಿದ್ದವನು. ಅವನ ಕಂಪನಿಯಿಂದ ಸ್ಯಾಕ್ಸೊಫೋನ್ ಬರಲು 1920ರ ದಶಕವೇ ಬೇಕಾಯಿತು. ಆ ದಶಕದ ಕೊನೆಗೆ ಸ್ಯಾಕ್ಸ್ ಮನೆತನದ ಕಾರ್ಖಾನೆಯನ್ನೇ ಕೊಂಡುಕೊಂಡರು! 1930ರ ದಶಕದ ಬ್ಯಾಲೆನ್ಸ್ಡ್ ಆ್ಯಕ್ಷನ್ ಅನ್ನುವ ಮಾದರಿಯಲ್ಲಿ ಅವರು ತೂತು ಮುಚ್ಚಿ ತೆರೆಯುವ ಕೀಗಳನ್ನು ಹೊಸದಾಗಿ ಜೋಡಿಸಿದರು. ಬೆಲ್‌ನ, ಅಂದರೆ ತುದಿಯ ಅಗಲ ಬಾಯಿಯ, ಕೀಗಳು ಬಲಗಡೆಗೆ ಹೋದವು, ಎಡಗೈ ಕಿರುಬೆರಳಿಗೆ ಕೆಲಸ ಹಗುರವಾಯಿತು. ಈಗಿನ ಹೆಚ್ಚಿನ ಸ್ಯಾಕ್ಸೊಫೋನ್‌ಗಳು, ಯಾರೇ ಮಾಡಿರಲಿ, ಇದೇ ದಾರಿ ಹಿಡಿದವು. ನನ್ನ ಲೆಕ್ಕದಲ್ಲಿ ಸೆಲ್ಮರ್‌ನ ದೊಡ್ಡ ಕೆಲಸ ಇದೇ.

ಜನ ಮಾತಾಡುವುದು ಮಾತ್ರ 1954ರಲ್ಲಿ ಬಂದ ಸೆಲ್ಮರ್‌ನ ಮಾರ್ಕ್ ಸಿಕ್ಸ್ ಮಾದರಿ ಬಗ್ಗೆ. ಅದರ ನಾದಕ್ಕೆ ಯುದ್ಧದಲ್ಲಿ ಉಳಿದ ತೋಟಾಗಳನ್ನು ಕರಗಿಸಿದ ಹಿತ್ತಾಳೆ ಕಾರಣ ಅಂತ ಒಂದು ಸುದ್ದಿ ಸುತ್ತುತ್ತಲೇ ಇರುತ್ತದೆ. ಸುಮ್ನೆ ಕಟ್ಟುಕಥೆ ಅನ್ನಿಸುತ್ತದೆ ನನಗೆ. ಯಾಕಂದರೆ 1950ರ ದಶಕದಲ್ಲಿ ಲಂಡನ್‌ನಲ್ಲಿ ಗ್ರಾಫ್ಟನ್ ಅಂತ ಒಂದು ಆಲ್ಟೋ ಸ್ಯಾಕ್ಸೊಫೋನ್ ಬರುತ್ತಿತ್ತು, ಅದರ ಮೈ ಪೂರ್ತಿ ಪ್ಲಾಸ್ಟಿಕ್. 1953ರಲ್ಲಿ ಟೊರಾಂಟೊದ ಮ್ಯಾಸ್ಸಿ ಹಾಲ್‌ನಲ್ಲಿ ಹೆಸರಾಂತ ಜಾಸ್ ವಾದಕ ಚಾರ್ಲಿ ಪಾರ್ಕರ್ ಅದನ್ನೇ ಹಿಡಿದು ನುಡಿಸಿದ. ರೆಕಾರ್ಡಿಂಗ್ ಇದೆ, ಕೇಳಿ ನೋಡಿ. ಹಿತ್ತಾಳೆ ಮೈ ಇಲ್ಲದಿದ್ದರೂ ಪಾರ್ಕರ್ ಪಾರ್ಕರ್ ಥರಾನೇ ಕೇಳಿಸುತ್ತಾನೆ, ಅಲ್ವಾ?