ಅರ್ಧ ಕೂಲಿ

ಭಾನುವಾರ, 9 ಫೆಬ್ರವರಿ 2025

ಬೆಳಿಗ್ಗೆ ಎಂಟೂವರೆಗೆಲ್ಲ ಅಕ್ಕನ ಮಗ ಬಂದು ಟಿವಿ ಮುಂದೆ ಕೂತುಬಿಟ್ಟಿದ್ದ. ಸಿಡ್ನಿಯಲ್ಲಿ ಯುಎಫ್‌ಸಿ 312, ಅಂದರೆ ಅಮೆರಿಕದ ಯುಎಫ್‌ಸಿ ಕಂಪನಿ ನಡೆಸುವ ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ಸ್ಪರ್ಧೆ. ಕೊನೆಯ ಫೈಟ್ ಬರುವಷ್ಟರಲ್ಲಿ ತಟ್ಟೆಯ ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ನಾಲ್ಕನೇ ರೌಂಡಿನಲ್ಲಿ ಚಾಂಪಿಯನ್ ಡು ಪ್ಲೆಸಿಯ ಒಂದು ಏಟಿಗೆ ಎದುರಾಳಿ ಸ್ಟ್ರಿಕ್‌ಲ್ಯಾಂಡ್ ಮೂಗು ಮುರಿಯಿತು. ಆ ಮುರಿದ ಮೂಗು ಹೊತ್ತುಕೊಂಡೇ ಅವನು ಐದನೇ ರೌಂಡ್ ಮುಗಿಸಿದ. ನನಗೆ ನೋಡಲಾಗಲಿಲ್ಲ.

ಹುಡುಗ ಮಾತ್ರ ಬೇರೆಯದನ್ನೇ ಯೋಚಿಸುತ್ತಿದ್ದ. "ಮಾಮ, ಇವರು ದೊಡ್ಡೋರು, ಹೆಂಗೋ ಆಗುತ್ತೆ. ಬೆಳಿಗ್ಗೆ ಮೊದಲನೇ ಫೈಟ್‌ನಲ್ಲಿ ಸೋತೋರ ಕಥೆ ಹೇಳಿ."

ಅವನು ಕೇಳಿದ್ದು ಸರಿ. ಯುಎಫ್‌ಸಿಗೆ ಹೊಸದಾಗಿ ಸೇರುವವರಿಗೆ ಸಾಮಾನ್ಯವಾಗಿ ಸಿಗುವುದು ಹತ್ತು ಅಥವಾ ಹನ್ನೆರಡು ಸಾವಿರ ಡಾಲರ್. ಗೆದ್ದರೆ ಅಷ್ಟೇ ಮೊತ್ತ ಇನ್ನೊಮ್ಮೆ. ಒಂದು 'ಶೋ ಮನಿ', ಇನ್ನೊಂದು 'ವಿನ್ ಬೋನಸ್'. ನಮ್ಮ ರೂಪಾಯಿಗೆ ಹತ್ತು ಲಕ್ಷದ ಮಾತು, ಕೇಳೋಕೆ ದೊಡ್ಡದು. ಆದರೆ ಅದರಲ್ಲೇ ಕೋಚ್, ಮ್ಯಾನೇಜರ್ ಪಾಲು ಹೋಗಬೇಕು, ತೆರಿಗೆ ಹೋಗಬೇಕು, ತಿಂಗಳುಗಟ್ಟಲೆ ತಯಾರಿಯ ಖರ್ಚು ಹೋಗಬೇಕು. ಫೈಟರ್‌ಗಳು ಅಲ್ಲಿ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ವರ್ಷಕ್ಕೆ ಎರಡೋ ಮೂರೋ ಫೈಟ್ ಸಿಕ್ಕರೆ ಹೆಚ್ಚು.

ನನಗೆ ಹೊಟ್ಟೆ ಉರಿಯುವುದು ಮೊತ್ತಕ್ಕಿಂತ ಈ ಅರ್ಧದ ವಿಷಯಕ್ಕೆ. ಇಬ್ಬರೂ ಒಂದೇ ರೀತಿ ಬೆವರು ಹರಿಸಿ ತೂಕ ಇಳಿಸಿರುತ್ತಾರೆ, ಇಬ್ಬರ ಮುಖವೂ ಒಡೆದಿರುತ್ತದೆ, ಇಬ್ಬರನ್ನೂ ನೋಡೋಕೇ ಜನ ಟಿಕೆಟ್ ತಗೊಂಡಿರುತ್ತಾರೆ. ಕೇಜ್ ಪಕ್ಕ ಕೂತ ಮೂವರು ಜಡ್ಜ್‌ಗಳಲ್ಲಿ ಒಬ್ಬರು ಒಂದು ರೌಂಡನ್ನು ಆಚೀಚೆ ಬರೆದರೆ ಸಾಕು, ಒಬ್ಬನ ಕೂಲಿ ಅರ್ಧಕ್ಕಿಳಿಯುತ್ತದೆ. ಗೆದ್ದವನಿಗೆ ಬಹುಮಾನ ಕೊಡಲಿ, ಬೇಡ ಅನ್ನೋರ್ಯಾರು? ಆದರೆ ದುಡಿದ ಕೂಲಿಯನ್ನೇ ಬಹುಮಾನ ಅಂತ ಕರೆದು ಹಿಡಿದಿಟ್ಟುಕೊಳ್ಳಬಾರದು.

ಇದು ನಮ್ಮ ಮನೆಗೂ ಬಂದ ಸಂಗತಿ. ಎರಡು ವರ್ಷದ ಹಿಂದೆ ಅಕ್ಕನ ಮಗ ಇಲ್ಲೇ ಒಂದು ಸಣ್ಣ ಸ್ಪರ್ಧೆಯಲ್ಲಿ ಆಡಿದ. ಹತ್ತು ಸಾವಿರ ರೂಪಾಯಿ, ಗೆದ್ದರೆ ಇನ್ನೂ ಹತ್ತು. ಇಬ್ಬರು ಜಡ್ಜ್ ಗೆಲುವು ಕೊಟ್ಟಿದ್ದು ಎದುರಾಳಿಗೆ, ಒಬ್ಬರು ಇವನಿಗೆ. ಎಡಹುಬ್ಬಿನ ಮೇಲೆ ಏಳು ಹೊಲಿಗೆ. ಮಾರನೇ ದಿನ ಅಕ್ಕನ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಇವನು ಬರೆದಿದ್ದನ್ನು ನೋಡಿದೆ: ರಕ್ತಪರೀಕ್ಷೆ, ಕೋಚ್, ಮೊಟ್ಟೆ-ಚಿಕನ್, ಆಟೋ, ಹೊಲಿಗೆ, ಸ್ಕ್ಯಾನಿಂಗ್. ಕೂಡಿಸಿ ಕೆಳಗೆ ಎರಡು ಗೆರೆ ಎಳೆದಿದ್ದ. ಬಂದ ಹತ್ತು ಸಾವಿರವನ್ನು ಬರೆದೇ ಇರಲಿಲ್ಲ.

ಈ ವಾರ ಅಮೆರಿಕದಿಂದ ಬಂದ ಸುದ್ದಿಯನ್ನು ಅವನಿಗೆ ಓದಿ ಹೇಳಿದೆ. 2014ರ ಡಿಸೆಂಬರ್‌ನಲ್ಲಿ ಕುಂಗ್ ಲೀ, ನೇಟ್ ಕ್ವಾರಿ, ಜಾನ್ ಫಿಚ್ ಅನ್ನೋ ಫೈಟರ್‌ಗಳು ಹೂಡಿದ್ದ ದಾವೆ ಅದು: ಯುಎಫ್‌ಸಿ ಬೇರೆ ಕಂಪನಿಗಳನ್ನು ಬೆಳೆಯಗೊಡದೆ, ಬಿಟ್ಟುಹೋಗಲಾಗದಂಥ ಒಪ್ಪಂದಗಳಲ್ಲಿ ಕಟ್ಟಿಹಾಕಿ ಸಂಬಳ ತಗ್ಗಿಸಿದೆ ಅಂತ. ಹತ್ತು ವರ್ಷ ಎಳೆದು ಈಗ 37.5 ಕೋಟಿ ಡಾಲರ್ ರಾಜಿಗೆ ನೆವಾಡಾದ ನ್ಯಾಯಾಧೀಶ ರಿಚರ್ಡ್ ಬೂಲ್‌ವೇರ್ ಅಂತಿಮ ಒಪ್ಪಿಗೆ ಕೊಟ್ಟಿದ್ದಾರೆ. ಹೋದ ಜುಲೈನಲ್ಲಿ 33.5 ಕೋಟಿಯ ರಾಜಿಯನ್ನು ಅವರೇ ತಳ್ಳಿಹಾಕಿದ್ದರು. ಆಮೇಲೆ ಎಷ್ಟೋ ಹಳೇ ಫೈಟರ್‌ಗಳು ಕೋರ್ಟಿಗೆ ಬರೆದುಕೊಂಡರು. ಮೈ ಸರಿಯಿಲ್ಲ, ಕೈ ಖಾಲಿ, ಇನ್ನು ಕಾಯೋಕಾಗಲ್ಲ, ರಾಜಿ ಒಪ್ಪಿಬಿಡಿ ಅಂತ. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಿದ್ದರು ನಮ್ಮ ಹಿರಿಯರು, ಕೋರ್ಟ್ ಮೆಟ್ಟಿಲು ಹತ್ತಿದವರನ್ನು ನೋಡಿ.

ದುಡ್ಡು 2010ರ ಡಿಸೆಂಬರ್‌ನಿಂದ 2017ರ ಜೂನ್‌ವರೆಗೆ ಆಡಿದವರಿಗೆ ಮಾತ್ರ. ಆಮೇಲೆ ಬಂದವರ ದಾವೆ ಬೇರೆ ನಡೀತಿದೆ. ಒಪ್ಪಂದದ ಷರತ್ತುಗಳು ಈ ರಾಜಿಯಿಂದ ಬದಲಾಗಿಲ್ಲ. 2001ರಲ್ಲಿ 20 ಲಕ್ಷ ಡಾಲರ್‌ಗೆ ಕೊಂಡ ಕಂಪನಿ 2016ರಲ್ಲಿ ಸುಮಾರು 400 ಕೋಟಿಗೆ ಮಾರಾಟವಾಯಿತು. ಅಲ್ಲಿನ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಆಟಗಾರರು ಸಂಘ ಕಟ್ಟಿ ಚೌಕಾಸಿ ಮಾಡಿ ಲೀಗಿನ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಪಡೆಯುತ್ತಾರೆ. ಈ ಫೈಟರ್‌ಗಳ ಪಾಲು ಶೇ 20 ಕೂಡ ಮುಟ್ಟುತ್ತಿರಲಿಲ್ಲ ಅನ್ನೋದು ಈ ದಾವೆಯಲ್ಲೇ ಹೊರಬಿತ್ತು. ಬಾಕ್ಸರ್‌ಗಳಿಗೆ 2000ದಲ್ಲೇ ಮುಹಮ್ಮದ್ ಅಲಿ ಹೆಸರಿನ ಕಾನೂನು ಬಂತು. ತಮ್ಮ ಫೈಟ್‌ನಿಂದ ಪ್ರಮೋಟರ್‌ಗೆ ಎಷ್ಟು ಬಂತು ಅಂತ ತಿಳಿಯುವ ಹಕ್ಕು ಅವರಿಗಿದೆ. ಎಂಎಂಎಗೆ ಆ ಕಾನೂನು ಅನ್ವಯಿಸುವುದಿಲ್ಲ.

"ಎಂಗಾನೂ?" ಅಂದ ಹುಡುಗ. ಫ್ರಾನ್ಸಿಸ್ ಎಂಗಾನೂ, ಯುಎಫ್‌ಸಿಯ ಹಳೇ ಚಾಂಪಿಯನ್, ಅವನ ಪಾಲಿನ ದೇವರು. ಕ್ಯಾಮರೂನ್‌ನಲ್ಲಿ ಚಿಕ್ಕಂದಿನಲ್ಲೇ ಮರಳು ಹೊತ್ತವನು, ಹೆವಿವೇಯ್ಟ್ ಪಟ್ಟ ಇರುವಾಗಲೇ 2023ರಲ್ಲಿ ಹೊರನಡೆದ. ತನಗೆ ದುಡ್ಡು ಮಾತ್ರ ಸಾಲದು, ಫೈಟರ್‌ಗಳಿಗೆ ಆರೋಗ್ಯ ವಿಮೆ ಬೇಕು, ಅವರ ಪರ ಮಾತಾಡುವವರೊಬ್ಬರು ಬೇಕು ಅಂತಲೂ ಕೇಳಿದ್ದ. ಎದ್ದು ಹೋಗುವ ಧೈರ್ಯ ಅವನಿಗಿತ್ತು, ಎದ್ದು ಹೋದರೆ ಕರೆಯುವವರೂ ಇದ್ದರು. ಮೊದಲನೇ ಫೈಟ್‌ನಲ್ಲಿ ಸೋತವನನ್ನು ಯಾರು ಕರೀತಾರೆ?

ಹೊರಡುವಾಗ ಹುಡುಗ ಬ್ಯಾಗಿನಿಂದ ಒಪ್ಪಂದದ ನಾಲ್ಕು ಹಾಳೆ ತೆಗೆದು ಕೊಟ್ಟ. ಮಾರ್ಚ್‌ನಲ್ಲಿ ಮತ್ತೊಂದು ಫೈಟಂತೆ. "ಓದಿ ನೋಡಿ ಮಾಮ, ಅಮ್ಮಂಗೆ ಹೇಳಬೇಡಿ." ಎರಡನೇ ಹಾಳೆಯಲ್ಲಿ ಹದಿನೈದು ಸಾವಿರ, ಗೆದ್ದಲ್ಲಿ ಮತ್ತೆ ಹದಿನೈದು. ಗಾಯವಾದರೆ ಖರ್ಚು ಯಾರದ್ದು ಅಂತ ಎಲ್ಲೂ ಇಲ್ಲ. 'ಗೆದ್ದಲ್ಲಿ' ಅನ್ನುವ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ನಾಳೆ ಸಂಜೆ ಪ್ರಾಕ್ಟೀಸ್ ಮುಗಿಸಿಕೊಂಡು ಬರ್ತೀನಿ ಅಂದಿದ್ದಾನೆ.