ರಿಮೋಟ್ ಇರುವಾಗ ತಂತಿ ಯಾಕೆ?

"ರಿಮೋಟ್ ಬಂದು ಎಷ್ಟೋ ಕಾಲವಾಯ್ತು. ಇನ್ನೂ ತಂತಿ ಕಟ್ಟಿ ವಿಮಾನ ಸುತ್ತಿಸ್ತೀರಲ್ಲ, ಅದರಲ್ಲೇನಿದೆ?" ನಡುವೆ ನಿಂತು, ತಂತಿ ಹಿಡಿದು ಸುತ್ತಲೂ ಹಾರಿಸುವ ಪುಟ್ಟ 'ಕಂಟ್ರೋಲ್ ಲೈನ್' ಮಾದರಿ ವಿಮಾನ ನೋಡಿದವರೆಲ್ಲ ಕೇಳುವುದು ಇದನ್ನೇ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದನ್ನು ಹಾರಿಸಿದವರು ಮಾತ್ರ ಕೇಳುವುದಿಲ್ಲ.

ಅದರಲ್ಲಿರುವುದು ತಿರುವು. ಈ ವಿಮಾನದಿಂದ ಗಾಳಿಯಲ್ಲಿ ಆಕಾರ ಬರೆಯುವ ಸ್ಪರ್ಧೆಯೇ ಇದೆ. ಅದರ ಇತಿಹಾಸವೆಲ್ಲ ವಿಮಾನವನ್ನು ಥಟ್ಟನೆ, ಚೊಕ್ಕವಾಗಿ ತಿರುಗಿಸುವ ಹಟದ ಕಥೆ.

ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಿಮ್ ವಾಕರ್ 1940ರ ಹೊತ್ತಿಗೆ 'ಫೈರ್‌ಬಾಲ್' ವಿಮಾನವನ್ನು ಮಾರುಕಟ್ಟೆಗೆ ತಂದರು. ಎರಡು ತಂತಿ, ಕೈಯಲ್ಲೊಂದು ಹಿಡಿ. ಮಣಿಕಟ್ಟು ಬಾಗಿಸಿದರೆ ಒಂದು ತಂತಿ ಎಳೆಯುತ್ತದೆ, ಒಳಗಿನ ಬೆಲ್‌ಕ್ರ್ಯಾಂಕ್ ಎಂಬ ಸನ್ನೆ ತಿರುಗುತ್ತದೆ, ಬಾಲದಲ್ಲಿ ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಪಟ್ಟಿ ಏಳುತ್ತದೆ. ಇದಕ್ಕೆ ಪೇಟೆಂಟೂ ಸಿಕ್ಕಿತು. 1950ರ ದಶಕದಲ್ಲಿ ಮಾದರಿ ವಿಮಾನ, ಎಂಜಿನ್ ತಯಾರಿಸುತ್ತಿದ್ದ ಕಾಕ್ಸ್ ಜೊತೆಗಿನ ಮೊಕದ್ದಮೆಯಲ್ಲಿ ಅದು ಬಿದ್ದುಹೋಯಿತು. ಅದೇ ಆರೆಗನ್ ರಾಜ್ಯದ ಓಬಾ ಸೇಂಟ್ ಕ್ಲೇರ್ ವಾಕರ್ ಅವರಿಗಿಂತ ಮೊದಲೇ ಹೀಗೆ ಹಾರಿಸಿದ್ದರು. ಆದರೂ ಈ ಆಟ ಊರೂರಿಗೆ ಮುಟ್ಟಿದ್ದು ವಾಕರ್ ಅವರಿಂದಲೇ ಅನ್ನುವುದು ನನ್ನ ಲೆಕ್ಕ.

ಸುಮ್ನೆ ಲೂಪ್, ಅಂದರೆ ಗಾಳಿಯಲ್ಲಿ ದುಂಡಗೆ ಪಲ್ಟಿ, ಹೊಡೆಯುವುದು ಅಷ್ಟೇನೂ ಕಷ್ಟವಲ್ಲ. ಚೌಕ ಬರೆಯುವುದು ಕಷ್ಟ. ಜೋರಾಗಿ ತಿರುಗಿಸಿದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಸ್ಟಾಲ್ ಆಗುತ್ತದೆ. ಅಮೆರಿಕದ ಮಾದರಿ ವಿಮಾನ ವಿನ್ಯಾಸಕಾರರಾದ ಬಾಬ್ ಪಾಮರ್, ಜಾರ್ಜ್ ಆಲ್ಡ್ರಿಚ್ ಅವರ ವಿಮಾನಗಳಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ರೆಕ್ಕೆಯ ಹಿಂಬದಿಗೆ ಬಾಗುವ ಪಟ್ಟಿ, ಅಂದರೆ ಫ್ಲ್ಯಾಪ್, ಕೂಡಿಸಿದರು. ಎಲಿವೇಟರ್ ಮೇಲೆದ್ದರೆ ಫ್ಲ್ಯಾಪ್ ಕೆಳಗಿಳಿಯುತ್ತದೆ, ತಿರುವಿನಲ್ಲಿ ರೆಕ್ಕೆಯ ಎತ್ತುವ ಬಲ (ಲಿಫ್ಟ್) ಜಾಸ್ತಿಯಾಗುತ್ತದೆ. ಆಲ್ಡ್ರಿಚ್ ಅವರ 'ನೋಬ್ಲರ್' ವಿಮಾನವನ್ನು ಈಗಲೂ ಕಟ್ಟುವವರಿದ್ದಾರೆ. ಈ ವಿಮಾನಗಳಿಗೆ ಹಾಕುತ್ತಿದ್ದ 'ಫಾಕ್ಸ್ 35' ಎಂಬ ಪುಟ್ಟ ಎಂಜಿನ್ನಿನ ಗುಣವೂ ಇಲ್ಲಿ ನೆರವಿಗೆ ಬಂತು. ಸಮತಟ್ಟಾಗಿ ಹಾರುವಾಗ ಗೊರಗೊರ ಅನ್ನುತ್ತಾ ನಿಧಾನವಾಗಿ ಓಡುವ ಅದು, ಮೂಗು ಮೇಲಕ್ಕೆತ್ತಿದ ಕೂಡಲೇ ದನಿ ಬದಲಿಸಿ ಜೋರು ಮಾಡುತ್ತದೆ. ಈಗ ಆ ಕೆಲಸವನ್ನು ಎಲೆಕ್ಟ್ರಿಕ್ ಮೋಟರಿನ ಕಂಟ್ರೋಲರ್ ಮಾಡುತ್ತದೆ. ಕೇಳಲು ಅಷ್ಟು ಚೆಂದವಿಲ್ಲ ಬಿಡಿ.

1960ರಲ್ಲಿ ಬುಡಾಪೆಸ್ಟ್‌ನಲ್ಲಿ ಈ ಸ್ಪರ್ಧೆಯ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇಂದು ಎಫ್2ಬಿ ಎಂದು ಕರೆಯುವ ಈ ವಿಭಾಗದಲ್ಲಿ ಏಳು ನಿಮಿಷ ಸಮಯ. ಅಷ್ಟರಲ್ಲಿ ಲೂಪ್, ಚೌಕ, ತ್ರಿಕೋನ, 8ರ ಆಕಾರ, ಮರಳುಗಡಿಯಾರ, ನಾಲ್ಕೆಲೆಯ ಹೂವು ಎಲ್ಲ ಗಾಳಿಯಲ್ಲಿ ಬರೆಯಬೇಕು. ಹೆಚ್ಚಿನ ಆಕಾರಗಳ ತಳ ನೆಲದಿಂದ ಒಂದೂವರೆ ಮೀಟರ್‌ನಲ್ಲಿರಬೇಕು. ಒಂದು ಸುತ್ತಿಗೆ ಐದು ಸೆಕೆಂಡ್ ಆಸುಪಾಸು ಹಿಡಿಯುವ ವಿಮಾನವನ್ನು ಅಷ್ಟು ಕೆಳಗೆ ತಂದು ನಿಲ್ಲಿಸುವುದು ಸಾಮಾನ್ಯವಲ್ಲ ಅಲ್ವಾ? ಅಲ್ಲಿ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ತಂತಿ ಸಡಿಲವಾದರೆ ವಿಮಾನ ಕೈಬಿಟ್ಟಂತೆಯೇ. ರಿಮೋಟ್‌ನಲ್ಲಿ ಆ ಎಳೆತ ಸಿಗುವುದಿಲ್ಲ.

ತಲೆ ತಿರುಗಲ್ವಾ ಅನ್ನುವುದು ಎರಡನೇ ಪ್ರಶ್ನೆ. ಮೊದಮೊದಲು ತಿರುಗುತ್ತದೆ. ಸುತ್ತಲಿನ ಮರ, ಜನರನ್ನು ನೋಡದೆ ವಿಮಾನವನ್ನಷ್ಟೇ ನೋಡಿ, ರೂಢಿಯಾಗುತ್ತದೆ.