ಲೆ ಜೆಗೆ ತಂಡ ಹೊರಡಿಸುವ ಮುನ್ನ ತಂಗುವ ರಾತ್ರಿಗಳನ್ನು ಎಣಿಸಿ

ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸಣ್ಣ ಊರು ಲೆ ಜೆ. ಸಮಸಂಖ್ಯೆಯ ವರ್ಷಗಳ ಜುಲೈನಲ್ಲಿ ಅಲ್ಲಿ ಯಾಂತ್ರಿಕ ಸಂಗೀತದ, ಅಂದರೆ ಯಂತ್ರದಿಂದ ತಾವೇ ನುಡಿಯುವ ವಾದ್ಯಗಳ ಉತ್ಸವ. ಶಿರಸಿ, ಕಾರವಾರದಿಂದ ಹಾರ್ಮೋನಿಯಂ ಬಳಗ ಕಟ್ಟಿಕೊಂಡು ಹೋಗುವಾಗ ಲೆಕ್ಕ ತಪ್ಪುವುದು ಟಿಕೆಟಿನಲ್ಲಲ್ಲ, ವಸತಿಯಲ್ಲಿ.

ಊರು ಚಿಕ್ಕದು, ಕೋಣೆಗಳು ಬೇಗ ತುಂಬುತ್ತವೆ. ಆಗ ಯಾರಾದರೂ "ಜಿನೀವಾದಲ್ಲೇ ಉಳಿದು ದಿನಾ ಹೋಗಿ ಬಂದರಾಯ್ತು" ಎನ್ನುತ್ತಾರೆ. ಆದರೆ ಜಿನೀವಾ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆದ ಷೆಂಗೆನ್ ವೀಸಾದ ಅರ್ಜಿ ಹೋಗಬೇಕಾದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ಲೆ ಜೆಯಲ್ಲಿ 4 ರಾತ್ರಿ, ಜಿನೀವಾದಲ್ಲಿ 1, ಸಂಗೀತ ಪೆಟ್ಟಿಗೆಗಳ ಹಳೆಯ ತವರಾದ ಸ್ವಿಟ್ಜರ್ಲೆಂಡಿನ ಸೇಂಟ್ ಕ್ರುವಾದಲ್ಲಿ 2 ಎಂದಿಟ್ಟುಕೊಳ್ಳಿ: ಅರ್ಜಿ ಫ್ರಾನ್ಸಿಗೆ. ಲೆ ಜೆಯ ಒಂದೇ ರಾತ್ರಿ ಜಿನೀವಾಕ್ಕೆ ಸರಿದರೆ ಲೆಕ್ಕ ಫ್ರಾನ್ಸಿಗೆ 3, ಸ್ವಿಟ್ಜರ್ಲೆಂಡಿಗೆ 4 ಆಗಿ ಇಡೀ ತಂಡದ ಫೈಲು ಸ್ವಿಟ್ಜರ್ಲೆಂಡಿನ ಪಾಲು. ಸಮ ಬಂದರೆ ಮೊದಲು ಕಾಲಿಡುವ ದೇಶ. ಹಾಗಾಗಿ ಕೋಣೆ ಖಚಿತವಾಗದೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬಾರದು.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಹಾಕಬಹುದು. 15 ದಿನಕ್ಕಿಂತ ತಡವಾಗುವಂತಿಲ್ಲ. ಪ್ರಯಾಣ ವಿಮೆಯ ಮೊತ್ತ ಕನಿಷ್ಠ 30,000 ಯೂರೋ. ಅಲ್ಲಿಂದ ವಾಪಸು ಹೊರಟ ಮೇಲೂ ಪಾಸ್‌ಪೋರ್ಟ್ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ಬೆರಳಚ್ಚಿಗೆ ಪ್ರತಿಯೊಬ್ಬರೂ ಖುದ್ದು ಹೋಗಬೇಕು. ಕಳೆದ 59 ತಿಂಗಳಲ್ಲಿ ಷೆಂಗೆನ್‌ಗೆ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೇಡ.

ಜುಲೈ ಅಂದರೆ ನಮ್ಮಲ್ಲಿ ಗುಡ್ಡ ಜರಿಯುವ ಕಾಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು. ವಿಮಾನ ರಾತ್ರಿಯದಾದರೂ ಎರಡು ದಿನ ಮೊದಲೇ ಬೆಂಗಳೂರು ಸೇರಿಕೊಳ್ಳುವುದು ಕ್ಷೇಮ.

ಬ್ಯಾಗಿನಿಂದ ತುಪ್ಪದ ಡಬ್ಬಿ, ಪೇಡೆ ತೆಗೆಸಿಬಿಡಿ: ಹೊರದೇಶದ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಗೆ ಅಡ್ಡಿಯಿಲ್ಲ, ಕೈಚೀಲದಲ್ಲಿ ಮಾತ್ರ ಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ. ಹಾರ್ಮೋನಿಯಂ ಒಯ್ಯುವವರು ಹೊರಡುವಾಗಲೇ ನಮ್ಮ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು; ಇಲ್ಲದಿದ್ದರೆ ವಾಪಸು ಬರುವಾಗ ಅದು ಅಲ್ಲಿ ಕೊಂಡದ್ದಲ್ಲ ಎಂದು ಸಾಬೀತು ಮಾಡುವುದೇ ಒಂದು ಕೆಲಸ. ಬೀಟೆಮರದ ಸಿದ್ಧ ವಾದ್ಯಕ್ಕೆ 2019ರ ನವೆಂಬರ್‌ನಿಂದ ಸೈಟಿಸ್ (ಅಳಿವಿನಂಚಿನ ಜೀವಿ, ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕಿಲ್ಲ. ಸ್ವರದ ಮನೆಗಳ (ಕೀಲಿಗಳ) ಮೇಲೆ ಆನೆದಂತ ಅಂಟಿಸಿದ ಅಜ್ಜನ ಕಾಲದ ಹಾರ್ಮೋನಿಯಂ ಆದರೆ ಅದು ಮನೆಯಲ್ಲೇ ಇರಲಿ. ನೂರು ವರ್ಷ ದಾಟಿದ್ದರೆ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರುತ್ತದೆ.

ಉತ್ಸವದಲ್ಲಿ ಗಾಳಿಯಿಂದ ನುಡಿಯುವ ಯಾಂತ್ರಿಕ ಆರ್ಗನ್ನಿನ ಮುಂದೆ ನಿಂತರೆ ಬಣ್ಣದ ಗೊಂಬೆಗಳು ಮಾತ್ರ ಕಾಣುತ್ತವೆ. ನೋಡಬೇಕಾದ್ದು ಹಿಂಬದಿ. ಮಡಿಕೆ ಮಡಿಕೆಯಾಗಿ ಮಡಚಿದ ರಟ್ಟಿನ ಪಟ್ಟಿ ಒಂದು ಕಡೆಯಿಂದ ಒಳಗೆ ಸರಿದು ಇನ್ನೊಂದು ಕಡೆ ತಾನಾಗಿ ಮಡಚಿಕೊಳ್ಳುತ್ತದೆ. ತೂತು ಬಂದಲ್ಲಿ ಆ ಸ್ವರದ ಕೊಳವೆಗೆ ಗಾಳಿ. ಉದ್ದ ತೂತಿಗೆ ದೀರ್ಘ ಸ್ವರ. ಹಾರ್ಮೋನಿಯಂನಲ್ಲಿ ನಾದ ರೀಡಿನದು, ಇಲ್ಲಿ ಹೆಚ್ಚಿನ ಪಾಲು ಕೊಳಲಿನಂಥ ಕೊಳವೆಗಳದು.

ಚಿಕ್ಕ ಆರ್ಗನ್ನಿನ ಹಿಡಿಕೆ ಒಂದೇ, ಕೆಲಸ ಎರಡು: ತಿದಿ ಊದುವುದು, ಹಾಳೆ ಎಳೆಯುವುದು. ಮಾಲೀಕರು ತಿರುಗಿಸಲು ಕೊಟ್ಟರೆ ನಮ್ಮ ಹಾರ್ಮೋನಿಯಂನವರು ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಒತ್ತು ಕೊಟ್ಟು ಖಾಲಿಯಲ್ಲಿ (ಒತ್ತಿಲ್ಲದ ಮಾತ್ರೆಯಲ್ಲಿ) ಕೈ ಸಡಿಲಿಸುತ್ತಾರೆ. ಕೂಡಲೇ ಲಯ ತೂಗಾಡುತ್ತದೆ, ಗಾಳಿ ಸಾಲದೆ ಸ್ವರ ಇಳಿಯುತ್ತದೆ. ಬೀಸುಕಲ್ಲು ತಿರುಗಿಸುವ ಹಾಗೆ ಒಂದೇ ವೇಗದಲ್ಲಿ ತಿರುಗಿಸಬೇಕು. ತಾಳ ಹಾಳೆಯ ತೂತುಗಳಲ್ಲೇ ಇದೆ.